ಹತ್ತು ವರ್ಷದ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ, ಇಡೀ ಕಂಪ್ಯೂಟರನ್ನೇ ಬದಲಿಸಬೇಕೇ?

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾನು 1998ರಿಂದ ಕಂಪ್ಯೂಟರಿನಲ್ಲಿ ಆಟ ಆಡುತ್ತ ಬಂದವನು. ಮನೆಗೆ ಮೊದಲು ಬಂದದ್ದು 166 ಮೆಗಾಹರ್ಟ್ಸ್‌ನ ಪೆಂಟಿಯಂ ಎಂಎಂಎಕ್ಸ್, 32 ಎಂಬಿ ರ‍್ಯಾಮ್, 14 ಇಂಚಿನ ಮಾನಿಟರ್. ಅದರಲ್ಲಿ ರೋಡ್ ರ‍್ಯಾಶ್ ಆಡಿದೆ, ಏಜ್ ಆಫ್ ಎಂಪೈರ್ಸ್ ಆಡಿದೆ. ಕಾಲೇಜಿನ ದಿನಗಳಲ್ಲಿ ಸೈಬರ್ ಸೆಂಟರಿಗೆ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೌಂಟರ್ ಸ್ಟ್ರೈಕ್ 1.6 ಆಡಿದೆ. ಅಲ್ಲಿನ ಬಾಲ್ ಮೌಸ್ ಹಿಡಿದ ಕೂಡಲೇ ಅದನ್ನು ಮಗುಚಿ, ಗುಂಡು ಹೊರತೆಗೆದು, ಒಳಗಿನ ರೋಲರ್‌ಗಳಿಗೆ ಉಂಗುರದ ಹಾಗೆ ಸುತ್ತಿಕೊಂಡ ಬೂದು ಬಣ್ಣದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆಯದೆ ಯಾರೂ ಆಟ ಶುರು ಮಾಡುತ್ತಿರಲಿಲ್ಲ.

ಈಗ ನನ್ನಲ್ಲಿರುವುದು 2014ರ ಕೊನೆಯಲ್ಲಿ ಜೋಡಿಸಿಕೊಂಡ ಐ5-4460 ಪ್ರೊಸೆಸರ್, 8 ಜಿಬಿ ಡಿಡಿಆರ್3 ರ‍್ಯಾಮ್, ಒಂದು ಹಾರ್ಡ್ ಡಿಸ್ಕ್, ವಿಂಡೋಸ್, ಫೋಟೋ, ವಿಡಿಯೊಗಳಿಗೆ ಮಾತ್ರ ಮೀಸಲಾದ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ 240 ಜಿಬಿಯ ಎಸ್‌ಎಸ್‌ಡಿ, ಮತ್ತು 2016ರ ದೀಪಾವಳಿಯ ಸಮಯದಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಂದ 6 ಜಿಬಿಯ ಜಿಟಿಎಕ್ಸ್ 1060. ಮಾನಿಟರ್ 1080ಪಿ, 60 ಹರ್ಟ್ಸ್. ಹತ್ತು ವರ್ಷಗಳಲ್ಲಿ ಈ ಕಾರ್ಡ್ ಒಂದು ದಿನವೂ ಕೈಕೊಟ್ಟಿಲ್ಲ. ವಿಚರ್ 3, ಡೂಮ್, ಟೈಟನ್‌ಫಾಲ್ 2, ರೆಡ್ ಡೆಡ್ ರಿಡೆಂಪ್ಷನ್ 2, ಎಲ್ಲವನ್ನೂ ಇದರಲ್ಲೇ ಮುಗಿಸಿದ್ದೇನೆ.

ಆದರೆ ಈಗ ಎರಡು ತೊಂದರೆಗಳಿವೆ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟವಾಗಲಿ, 2025ರ ಮೇ ತಿಂಗಳಲ್ಲಿ ಬಂದ ಹೊಸ ಡೂಮ್ ಆಗಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಬೆಳಕು ನೆರಳು ಮೂಡಿಸುವ) ಸೌಲಭ್ಯವಿಲ್ಲದ ಕಾರ್ಡಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಎರಡನೆಯದಾಗಿ, ಸೈಬರ್‌ಪಂಕ್ 2077 ಆಡುವಾಗ ನಗರದೊಳಗೆ ಕಾರನ್ನು ವೇಗವಾಗಿ ಓಡಿಸಿದರೆ ಪ್ರತಿ ತಿರುವಿನಲ್ಲೂ ಚಿತ್ರ ಅರ್ಧ ಸೆಕೆಂಡ್ ನಿಂತು ಮುಂದೆ ಹೋಗುತ್ತದೆ. ಮಿಕ್ಕಿದ್ದನ್ನೆಲ್ಲ ಹಾಗೆಯೇ ಇಟ್ಟುಕೊಂಡು ಆರ್‌ಟಿಎಕ್ಸ್ 4060 ಮಾತ್ರ ಹಾಕಿಕೊಳ್ಳೋಣ ಎಂದುಕೊಂಡಿದ್ದೇನೆ. ಇದು ಸರಿಯಾದ ನಿರ್ಧಾರವೇ? ಹಾಗೆಯೇ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ: 2015ರಿಂದ 2019ರವರೆಗೆ ಬಂದ ಆಟಗಳ ಬೆಳಕು ನೆರಳು ನನ್ನ ಕಣ್ಣಿಗೆ ಇಂದಿಗೂ ಸಾಕು, ರೇ ಟ್ರೇಸಿಂಗನ್ನು ಕಡ್ಡಾಯ ಮಾಡಿದ್ದು ಆಟಗಾರನ ಜೇಬಿಗೆ ಮಾಡಿದ ಅನ್ಯಾಯ.

ಹುಬ್ಬಳ್ಳಿ_ಹೆಡ್‌ಶಾಟ್

ಅಣ್ಣಾ, ಯೋಚನೆ ಮಾಡುವ ಅಗತ್ಯವೇ ಇಲ್ಲ, 4060 ಹಾಕಿಕೊಳ್ಳಿ. ನಿಮ್ಮ 1060 ಎಳೆಯುವುದು 120 ವ್ಯಾಟ್, 4060ಕ್ಕೆ 115 ಸಾಕು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಕೂಡ ಬದಲಿಸಬೇಕಾಗಿಲ್ಲ.

ಫ್ರೇಮ್_ಲೆಕ್ಕ

ಶರಾವತಿಯವರೇ, ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ. 2023ರ ಸೆಪ್ಟೆಂಬರಿನಲ್ಲಿ ಸೈಬರ್‌ಪಂಕ್‌ನ 2.0 ಆವೃತ್ತಿ ಬಂದಾಗ ಅದರ ತಯಾರಕರು ಕನಿಷ್ಠ ಅಗತ್ಯಗಳ ಪಟ್ಟಿಯನ್ನು ಬದಲಿಸಿದರು. ಈಗಿನ ಪಟ್ಟಿಯ ಪ್ರಕಾರ ಪ್ರೊಸೆಸರ್ ಕನಿಷ್ಠ ಐ7-6700 ಅಥವಾ ರೈಜನ್ 5 1600 ಆಗಿರಬೇಕು, ರ‍್ಯಾಮ್ 12 ಜಿಬಿ ಇರಬೇಕು, ಆಟ ಎಸ್‌ಎಸ್‌ಡಿಯಲ್ಲೇ ಇರಬೇಕು, ಮತ್ತು ಗ್ರಾಫಿಕ್ಸ್ ಕಾರ್ಡ್ 6 ಜಿಬಿಯ ಜಿಟಿಎಕ್ಸ್ 1060 ಇದ್ದರೆ ಸಾಕು. ಈಗ ನಿಮ್ಮ ಯಂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಪ್ರೊಸೆಸರ್ ಸಾಲದು, ರ‍್ಯಾಮ್ ಸಾಲದು, ಆಟ ಇರುವುದು ಹಾರ್ಡ್ ಡಿಸ್ಕಿನಲ್ಲಿ. ನಾಲ್ಕು ಅಗತ್ಯಗಳಲ್ಲಿ ನೀವು ಪೂರೈಸಿರುವುದು ಒಂದನ್ನೇ, ಅದು ಕಾರ್ಡ್, ಮತ್ತು ನೀವು ಬದಲಿಸಲು ಹೊರಟಿರುವುದೂ ಅದೊಂದನ್ನೇ.

ತಿರುವಿನಲ್ಲಿ ಚಿತ್ರ ನಿಲ್ಲುವುದಕ್ಕೂ ಕಾರ್ಡಿಗೂ ಬಹುಶಃ ಸಂಬಂಧವೇ ಇಲ್ಲ. ಕಾರು ವೇಗವಾಗಿ ಓಡುವಾಗ ಮುಂದಿನ ಬೀದಿಯ ಕಟ್ಟಡ, ಜನ, ಗೋಡೆಯ ಚಿತ್ರ ಎಲ್ಲವನ್ನೂ ಡಿಸ್ಕಿನಿಂದ ಓದಿ ತರಬೇಕು. ಹಾರ್ಡ್ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವುದಕ್ಕೇ ಹತ್ತು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳು) ಬೇಕೆಂದರೆ ಒಂದು ಫ್ರೇಮಿಗೆ ನಿಮಗೆ ಸಿಗುವುದು 16.7 ಮಿಲಿಸೆಕೆಂಡ್. ಅಂಥ ಹತ್ತಾರು ಹಾರಾಟಗಳು ಒಟ್ಟಿಗೆ ಬಂದಾಗ ಆಟ ಕಾಯಲೇಬೇಕು, ಕಾರ್ಡ್ ಯಾವುದೇ ಆಗಿರಲಿ.

ಶರಾವತಿ_ತೀರ

ಕನಿಷ್ಠ ಪಟ್ಟಿಗಳನ್ನು ಅಕ್ಷರಶಃ ನಂಬುವ ಅಭ್ಯಾಸ ನನಗಿಲ್ಲ. ಪಟ್ಟಿಗೆ ಹೊಂದದ ಎಷ್ಟೋ ಆಟಗಳನ್ನು ಇದೇ ಯಂತ್ರದಲ್ಲಿ ಆಡಿ ಮುಗಿಸಿದ್ದೇನೆ. ಆದರೆ ಆಟ ಹಾರ್ಡ್ ಡಿಸ್ಕಿನಲ್ಲಿರುವುದು ನಿಜ, ನಾನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ.

ಫ್ರೇಮ್_ಲೆಕ್ಕ

ನಂಬಬೇಡಿ, ಪರೀಕ್ಷೆ ಮಾಡಿ. ಆಟದೊಳಗೆ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ ಅದೇ ಬೀದಿಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ಫ್ರೇಮ್ ಸಂಖ್ಯೆ ಚೆನ್ನಾಗಿ ಏರಿದರೆ ಕಾರ್ಡ್ ಸೋಲುತ್ತಿತ್ತು ಎಂದರ್ಥ. ಇದ್ದಲ್ಲಿಯೇ ಇದ್ದರೆ ಪ್ರೊಸೆಸರೋ ರ‍್ಯಾಮೋ ಡಿಸ್ಕೋ ಸೋಲುತ್ತಿದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಸೋಲ್ಡರ್_ಕಟ್ಟೆ

ಹುಬ್ಬಳ್ಳಿಯವರು ಹೇಳಿದ ವ್ಯಾಟ್ ಲೆಕ್ಕ ಸರಿಯಾಗಿದೆ, ಆದರೆ ಕಾರ್ಡಿಗೆ ವಿದ್ಯುತ್ ಕೊಡುವ ಕನೆಕ್ಟರ್ ಲೆಕ್ಕ ಬಿಟ್ಟುಹೋಗಿದೆ. 1060ರ ಹೆಚ್ಚಿನ ಕಾರ್ಡುಗಳಿಗೆ 6 ಪಿನ್ ಸಾಕಾಗುತ್ತಿತ್ತು. ಮಾರುಕಟ್ಟೆಯ 4060ಗಳಲ್ಲಿ ಸಾಮಾನ್ಯವಾಗಿ 8 ಪಿನ್ ಇರುತ್ತದೆ. 2014ರ ಎಸ್‌ಎಂಪಿಎಸ್‌ನಲ್ಲಿ ಅದು ಇಲ್ಲದಿದ್ದರೆ ಅಗ್ಗದ ಅಡಾಪ್ಟರ್ ಸಿಕ್ಕಿಸಿ ಕೆಲಸ ಮಾಡಿಕೊಳ್ಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾನು ಮೈಸೂರಿನಲ್ಲಿ ರಿಪೇರಿ ಕೆಲಸ ಮಾಡುವವನು. ನನ್ನ ಮೇಜಿಗೆ ಬರುವ ಸತ್ತ ಯಂತ್ರಗಳಲ್ಲಿ ಬಹಳಷ್ಟಕ್ಕೆ ಮೂಲ ಕಾರಣ ಎಸ್‌ಎಂಪಿಎಸ್. ಮೇಲೆ 500 ವ್ಯಾಟ್ ಎಂದು ಮುದ್ರಿಸಿರುತ್ತಾರೆ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಬಿಚ್ಚಿ ನೋಡಿದರೆ ಒಳಗೆ ಹೆಬ್ಬೆರಳಿನ ತುದಿಯಷ್ಟು ಟ್ರಾನ್ಸ್‌ಫಾರ್ಮರ್, ಇನ್‌ಪುಟ್ ಫಿಲ್ಟರ್ ಇರಬೇಕಾದ ಜಾಗದಲ್ಲಿ ಬರೀ ತಂತಿಯ ಜಂಪರ್. ಕಳೆದ ವರ್ಷ ಒಬ್ಬ ಹುಡುಗನ ಯಂತ್ರ ಬಂತು, ಹಚ್ಚಿದ ತಕ್ಷಣ ಮನೆಯ ಟ್ರಿಪ್ಪರ್ ಬೀಳುತ್ತದೆ ಎಂದ. ಎಸ್‌ಎಂಪಿಎಸ್ ತೆರೆದರೆ ಎರಡು ಹೀಟ್‌ಸಿಂಕ್‌ಗಳ ನಡುವೆ ಅಡ್ಡಲಾಗಿ ಒಂದು ಹಲ್ಲಿ ಒಣಗಿಹೋಗಿತ್ತು. ಹಿಂದಿನ ಸ್ಲಾಟ್‌ನ ಪಟ್ಟಿ ಕಿತ್ತುಹೋಗಿದ್ದ ಕಿಂಡಿಯಿಂದ ಕ್ಯಾಬಿನೆಟ್ಟಿನೊಳಕ್ಕೆ ಬಂದು ಬೆಚ್ಚಗಿನ ಜಾಗ ಹುಡುಕಿಕೊಂಡು ಹೋಗಿತ್ತು. ಆ ಪಟ್ಟಿಯ ಬೆಲೆ ಹತ್ತು ರೂಪಾಯಿಯೂ ಇಲ್ಲ, ಹಾಳಾದದ್ದು ಎಸ್‌ಎಂಪಿಎಸ್ ಮತ್ತು ಬೋರ್ಡ್ ಎರಡೂ.

ಬಯಲುಸೀಮೆ_ಬಿಲ್ಡರ್

ಇನ್ನೊಂದು ವಿಷಯವನ್ನು ಯಾರೂ ಕೇಳಿಲ್ಲ. ಶರಾವತಿಯವರ ಮದರ್‌ಬೋರ್ಡ್ ಯಾವುದು? ಎಚ್81 ಚಿಪ್‌ಸೆಟ್ ಆಗಿದ್ದರೆ ದೊಡ್ಡ ತೊಡಕಿದೆ. ಅದೇ ಪೀಳಿಗೆಯ ಬಿ85 ಬೋರ್ಡುಗಳಲ್ಲಿ ಕಾರ್ಡಿನ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಮತ್ತು ಬೋರ್ಡಿನ ನಡುವೆ ಮಾಹಿತಿ ಓಡುವ ದಾರಿ) 3.0 ಇರುತ್ತಿತ್ತು, ಎಚ್81ರಲ್ಲಿ 2.0 ಮಾತ್ರ. 4060 ಕಾರ್ಡಿನ ಉದ್ದ ನೋಡಿ ಅದಕ್ಕೆ ಹದಿನಾರು ಲೇನ್ ಇದೆ ಎಂದುಕೊಳ್ಳಬೇಡಿ, ಒಳಗೆ ಜೋಡಿಸಿರುವುದು ಎಂಟೇ ಲೇನ್. 4.0 ಬೋರ್ಡಿನಲ್ಲಿ ಆ ಎಂಟು ಲೇನ್‌ಗಳಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಹರಿಯುತ್ತದೆ, 3.0ರಲ್ಲಿ ಸುಮಾರು 8, 2.0ರಲ್ಲಿ ಕೇವಲ 4. ನಿಮ್ಮ ಹಳೆಯ 1060ಕ್ಕೆ ಹದಿನಾರು ಲೇನ್ ಇದ್ದುದರಿಂದ ಅದೇ ಬೋರ್ಡಿನಲ್ಲಿ 8 ಜಿಬಿ ಸಿಗುತ್ತಿತ್ತು. ಅಂದರೆ ಹೊಸ ಕಾರ್ಡ್ ಹಾಕಿದ ದಿನವೇ ದಾರಿ ಅರ್ಧಕ್ಕೆ ಕಿರಿದಾಗುತ್ತದೆ.

ಕಾರ್ಡಿನ ಸ್ವಂತ ಮೆಮೊರಿ ತುಂಬದಿರುವವರೆಗೂ ಇದು ಹೆಚ್ಚು ಕಾಡುವುದಿಲ್ಲ. ಆದರೆ 4060ರಲ್ಲಿರುವುದು 8 ಜಿಬಿ. ಹೊಸ ಆಟದಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಮೇಲಕ್ಕಿಟ್ಟರೆ ಅದು ತುಂಬುತ್ತದೆ, ಮಿಕ್ಕದ್ದು ರ‍್ಯಾಮ್‌ಗೆ ಹರಿದು ಅದೇ ಕಿರಿದಾದ ದಾರಿಯಲ್ಲಿ ಓಡಾಡಬೇಕಾಗುತ್ತದೆ. ನಿಮಗೆ ಈಗ ಅರ್ಧ ಸೆಕೆಂಡ್ ನಿಲ್ಲುವ ಚಿತ್ರ ಆಗಲೂ ನಿಲ್ಲುತ್ತದೆ.

ಶರಾವತಿ_ತೀರ

ಟಾರ್ಚ್ ಹಿಡಿದು ನೋಡಿದೆ. ಎರಡು ರ‍್ಯಾಮ್ ಸ್ಲಾಟ್‌ಗಳ ಪಕ್ಕದಲ್ಲಿ ಎಚ್81 ಎಂದೇ ಬರೆದಿದೆ. ಎರಡರಲ್ಲಿ ಒಂದು ಸ್ಲಾಟ್ ಖಾಲಿಯಿದೆ, 8 ಜಿಬಿಯ ಒಂದೇ ಕಡ್ಡಿ ಹಾಕಿದ್ದಾರೆ.

ಫ್ರೇಮ್_ಲೆಕ್ಕ

ಹಾಗಾದರೆ ಹತ್ತು ವರ್ಷಗಳಿಂದ ನೀವು ಒಂದೇ ಚಾನೆಲ್‌ನಲ್ಲಿ ಆಡುತ್ತಿದ್ದೀರಿ. ಅದೇ ವೇಗದ ಇನ್ನೊಂದು 8 ಜಿಬಿ ಡಿಡಿಆರ್3 ಕಡ್ಡಿಯನ್ನು ಸೆಕೆಂಡ್ ಹ್ಯಾಂಡ್ ಆಗಿ ತಂದು ಹಾಕಿ. ಒಟ್ಟು 16 ಆಗುತ್ತದೆ, ಜೊತೆಗೆ ಮೆಮೊರಿಯ ದಾರಿಯೂ ಎರಡು ಪಟ್ಟು ಅಗಲವಾಗುತ್ತದೆ.

ಹುಬ್ಬಳ್ಳಿ_ಹೆಡ್‌ಶಾಟ್

ಪಿನ್ ವಿಷಯದಲ್ಲಿ ನನ್ನದು ತಪ್ಪು, ಒಪ್ಪುತ್ತೇನೆ. ಆದರೂ ಒಂದು ವಾದವಿದೆ. ಕಾರ್ಡ್ ಈಗ ಕೊಂಡರೆ ನಾಳೆ ಹೊಸ ಬೋರ್ಡಿಗೆ ಅದನ್ನೇ ಹಾಕಿಕೊಳ್ಳಬಹುದು, ಡಿಡಿಆರ್3 ಕಡ್ಡಿಗೆ ಹಾಕಿದ ಹಣ ನಾಳೆ ಯಾವ ಬೋರ್ಡಿಗೂ ಬಾರದು. ಹಳೆಯದಕ್ಕೆ ಹಣ ಸುರಿಯುವುದು ಏಕೆ?

ಬಯಲುಸೀಮೆ_ಬಿಲ್ಡರ್

ಬೇರೆ ವರ್ಷವಾಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದ್ದೀರಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಗೆ ಲಾಭ ಹೆಚ್ಚು ಎಂದು ತಯಾರಕರು ಆ ಕಡೆ ತಿರುಗಿದ್ದಾರೆ. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಹೆಸರಿನ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹೊಸ ಬೋರ್ಡ್ ಎಂದರೆ ಡಿಡಿಆರ್4 ಅಥವಾ ಡಿಡಿಆರ್5 ಕೊಳ್ಳಲೇಬೇಕು, ಅದೂ ಈ ಬೆಲೆಯಲ್ಲಿ. ಹಳೆಯ ಡಿಡಿಆರ್3 ಕಡ್ಡಿಗೆ ಕೊಡುವ ಕೆಲವು ನೂರು ರೂಪಾಯಿಗಳಿಂದ ಒಂದು ವರ್ಷ ಕಾಯುವ ಶಕ್ತಿ ಬಂದರೆ ಅದು ಒಳ್ಳೆಯ ವ್ಯಾಪಾರ.

ಕಡಲತಡಿ_ಕೋಡರ್

ರೇ ಟ್ರೇಸಿಂಗ್ ಕಡ್ಡಾಯ ಮಾಡಿದ್ದು ಅನ್ಯಾಯ ಎಂಬ ಮಾತಿಗೆ ಉತ್ತರ ಕೊಡಲೇಬೇಕು ಅನಿಸಿತು. ನಾನು ಆಟಗಳ ಗ್ರಾಫಿಕ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೀವು ಮೆಚ್ಚುವ ಟೈಟನ್‌ಫಾಲ್ 2ರ ಕಾಲದ ಆಟಗಳಲ್ಲಿ ಬೆಳಕಿನ ಹೆಚ್ಚಿನ ಭಾಗವನ್ನು ಮೊದಲೇ ಲೆಕ್ಕ ಹಾಕಿ ಗೋಡೆಗಳ ಮೇಲೆ ಬಣ್ಣದಂತೆ ಬಳಿದಿಡುತ್ತಿದ್ದರು. ನೋಡಲು ಬಹಳ ಚೆನ್ನಾಗಿರುತ್ತಿತ್ತು, ಕಾರ್ಡಿಗೆ ಹೊರೆಯೂ ಕಡಿಮೆ. ಆದರೆ ವಿನ್ಯಾಸಕ ಒಂದು ಬಾಗಿಲನ್ನು ಎರಡು ಅಡಿ ಸರಿಸಿದರೆ ಆ ಲೆಕ್ಕವನ್ನು ಮತ್ತೆ ಮಾಡಿಸಬೇಕು, ಅದಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ರಾತ್ರಿ ಹಿಡಿಯುತ್ತದೆ. ಬೆಳಗ್ಗೆ ಬಂದು ನೋಡಿದರೆ ಮೂಲೆಯಲ್ಲೊಂದು ಕಪ್ಪು ಕಲೆ, ಮತ್ತೆ ಮೊದಲಿನಿಂದ. ರೇ ಟ್ರೇಸಿಂಗ್ ಇದ್ದರೆ ಬಾಗಿಲು ಸರಿಸಿದ ಕ್ಷಣದಲ್ಲೇ ಬೆಳಕು ಹೇಗೆ ಬೀಳುತ್ತದೆಂದು ಕಾಣಿಸುತ್ತದೆ. ಎರಡೂ ವಿಧಾನವನ್ನು ಇಟ್ಟುಕೊಳ್ಳಿ ಎಂದರೆ ಅದೇ ಕೋಣೆಗೆ ಎರಡು ಬಾರಿ ಬೆಳಕು ಹಾಕುವ ಕೆಲಸ. ಅದನ್ನು ಮಾಡುವವರೂ ಮನುಷ್ಯರೇ, ಅವರಿಗೂ ಮನೆಗೆ ಹೋಗುವ ಹೊತ್ತೊಂದಿರುತ್ತದೆ.

ಶರಾವತಿ_ತೀರ

ನಿಮ್ಮ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ರೆಡ್ ಡೆಡ್ 2ರಲ್ಲಿ ಹಗಲು ರಾತ್ರಿ ಬದಲಾಗುತ್ತದೆ, ಮಳೆ ಬರುತ್ತದೆ, ಮಂಜು ಏಳುತ್ತದೆ, ರೇ ಟ್ರೇಸಿಂಗ್ ಇಲ್ಲ. ಕಣಿವೆಯಲ್ಲಿ ಬೆಳಗಿನ ಬಿಸಿಲು ಮಂಜನ್ನು ಸೀಳಿಕೊಂಡು ಬರುವಾಗ ನಾನು ಕುದುರೆ ನಿಲ್ಲಿಸಿ ಸುಮ್ಮನೆ ನೋಡುತ್ತ ಕುಳಿತದ್ದುಂಟು. ಅದು ಇದೇ 1060ರಲ್ಲಿ ಸಾಧ್ಯವಾಯಿತು.

ಕಡಲತಡಿ_ಕೋಡರ್

ಸಾಧ್ಯವಾಯಿತು, ಏಕೆಂದರೆ ಅದರ ಹಿಂದೆ ಸಾವಿರಕ್ಕೂ ಹೆಚ್ಚು ಜನರ ಹಲವಾರು ವರ್ಷಗಳ ದುಡಿಮೆ ಇತ್ತು. ಅಷ್ಟು ಹಣ ಮತ್ತು ಸಮಯ ಎಲ್ಲರಿಗೂ ಸಿಗುವುದಿಲ್ಲ. ರೇ ಟ್ರೇಸಿಂಗ್ ಇರುವ ಮೊದಲ ಆರ್‌ಟಿಎಕ್ಸ್ ಕಾರ್ಡುಗಳು ಬಂದದ್ದು 2018ರಲ್ಲಿ. ಆರು ವರ್ಷ ಕಾದ ಮೇಲೆ ಕಡ್ಡಾಯವಾಯಿತು. ನನ್ನ ಪ್ರಕಾರ ಅದು ಅವಸರವಲ್ಲ.

ತುಂಗೆಯ_ಮಗಳು

ಆರು ವರ್ಷ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿದೆ ಸರ್, ಆದರೆ ಅದರಲ್ಲಿ 2020ರ ಕೊನೆಯಿಂದ 2022ರವರೆಗಿನ ಕಾಲವನ್ನು ಕಳೆದುಬಿಡಿ. ಎಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆಗೆಂದು ಕಾರ್ಡುಗಳು ಅಂಗಡಿಯಿಂದಲೇ ಮಾಯವಾಗಿದ್ದ ದಿನಗಳವು. ಆಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಎರಡು ವರ್ಷ ಪಾಕೆಟ್ ಮನಿ ಕೂಡಿಟ್ಟು ಅಂಗಡಿಗೆ ಹೋದರೆ ಬೆಲೆ ನನ್ನ ಉಳಿತಾಯದ ಎರಡು ಪಟ್ಟಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂನವರು ವಿಧಾನ ಬದಲಿಸಿ ಕಾರ್ಡಿನ ಗಣಿಗಾರಿಕೆ ನಿಂತ ಮೇಲೆಯೇ ನನ್ನಂಥವರು ಅಂಗಡಿಯ ಕಡೆ ಮತ್ತೆ ಮುಖ ಮಾಡಿದ್ದು.

ಆ ಎರಡು ವರ್ಷ ನಾನು ಲ್ಯಾಪ್‌ಟಾಪಿನಲ್ಲಿ, ಪ್ರತ್ಯೇಕ ಕಾರ್ಡೇ ಇಲ್ಲದೆ, ಏಜ್ ಆಫ್ ಎಂಪೈರ್ಸ್ 2ರ ಡೆಫಿನಿಟಿವ್ ಎಡಿಷನ್ ಆಡಿದೆ. 1999ರ ಆಟಕ್ಕೆ 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಹೊಸದಾಗಿ ಸೇರಿದರು. ದ್ರಾವಿಡರ ಉರುಮಿ ಕತ್ತಿಯವರನ್ನು ಸಾಲಾಗಿ ನಿಲ್ಲಿಸಿ ಗೆದ್ದ ಸಂಜೆ ನನಗೆ ಇನ್ನೂ ನೆನಪಿದೆ. ಒಳ್ಳೆಯ ಆಟಕ್ಕೆ ದುಬಾರಿ ಕಾರ್ಡ್ ಬೇಕಿಲ್ಲ ಎಂಬ ಶರಾವತಿಯವರ ಮಾತು ನನಗೆ ಪೂರ್ತಿ ಒಪ್ಪಿಗೆ.

ಮಿಷಿಗನ್_ಮೈಸೂರಿಗ

ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ, ಬೇಕಾದರೆ ಇಲ್ಲಿಂದ ಕಾರ್ಡ್ ತರಬಲ್ಲೆ. 4060 ಬಿಡುಗಡೆಯಾದಾಗ ಇಲ್ಲಿ 299 ಡಾಲರ್ ಇತ್ತು.

ಸೋಲ್ಡರ್_ಕಟ್ಟೆ

ನಿಮ್ಮ ಮನಸ್ಸು ದೊಡ್ಡದು ಸರ್, ಆದರೆ ವಾರಂಟಿಯನ್ನು ಕೇಳಿಕೊಂಡು ತನ್ನಿ. ಹೆಚ್ಚಿನ ಕಾರ್ಡುಗಳಿಗೆ ಕೊಂಡ ದೇಶದಲ್ಲೇ ವಾರಂಟಿ. ಅಲ್ಲಿನ ಬೆಲೆಗೆ ನಿಮ್ಮ ರಾಜ್ಯದ ಶೇ 6ರ ಮಾರಾಟ ತೆರಿಗೆ ಬೇರೆ ಸೇರುತ್ತದೆ. ಇಲ್ಲಿನ ಬೆಲೆಯಲ್ಲಿ ಶೇ 18ರ ಜಿಎಸ್‌ಟಿ ಒಳಗೇ ಇರುತ್ತದೆ, ಕೆಟ್ಟರೆ ಹೋಗಿ ಕೇಳಲು ಒಂದು ಕೌಂಟರ್ ಕೂಡ ಇರುತ್ತದೆ.

ಸಿಆರ್‌ಟಿ_ಕಾಲದವ

ಎಲ್ಲರೂ ಕಾರ್ಡಿನ ಬಗ್ಗೆ ಮಾತನಾಡುತ್ತಿದ್ದೀರಿ, ಮಾನಿಟರಿನ ಬಗ್ಗೆ ಯಾರೂ ಹೇಳಲಿಲ್ಲ. 60 ಹರ್ಟ್ಸ್‌ನ ಪರದೆಯಲ್ಲಿ ಫ್ರೇಮ್ 45ಕ್ಕೆ ಇಳಿದರೆ ಕೆಲವು ಫ್ರೇಮ್ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, ಕೆಲವು 33.3 ನಿಲ್ಲುತ್ತದೆ. ಕಣ್ಣಿಗೆ ಕುಂಟಿದ ಹಾಗೆ ಕಾಣುವುದು ಈ ಏರುಪೇರಿನಿಂದಲೇ ಹೊರತು ಸಂಖ್ಯೆ ಕಡಿಮೆಯಾದದ್ದರಿಂದ ಅಲ್ಲ. ಕಾರ್ಡಿನ ಲಯಕ್ಕೆ ತಕ್ಕಂತೆ ಹೊಂದಿಕೊಳ್ಳುವ ಫ್ರೀಸಿಂಕ್ ಮಾನಿಟರ್ ಹಾಕಿದರೆ 45 ಫ್ರೇಮ್ ಕೂಡ ನೀರಿನಂತೆ ಹರಿಯುತ್ತದೆ. 2019ರ ಜನವರಿಯ ಡ್ರೈವರಿನಿಂದೀಚೆಗೆ ನಿಮ್ಮ 1060ರಲ್ಲೂ ಅದು ನಡೆಯುತ್ತದೆ, ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲಿ ಜೋಡಿಸಬೇಕು. ಹಳೆಯ ಗಾಜಿನ ಮಾನಿಟರುಗಳಲ್ಲಿ ಓಡುವ ಚಿತ್ರ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದು ನೋಡಿದವರಿಗೆ ಗೊತ್ತು. ಈಗಿನ ಪರದೆ ಪ್ರತಿ ಫ್ರೇಮನ್ನೂ ಮುಂದಿನದು ಬರುವವರೆಗೆ ಹಿಡಿದಿಟ್ಟುಕೊಳ್ಳುವುದರಿಂದ ನಮ್ಮ ಕಣ್ಣೇ ಅದನ್ನು ಮಸುಕುಗೊಳಿಸಿಕೊಳ್ಳುತ್ತದೆ. ಮುಂದಿನ ಕಾರ್ಡಿಗೂ ಉಪಯೋಗಕ್ಕೆ ಬರುವ ಖರ್ಚು ಬೇಕಿದ್ದರೆ ಅದು ಮಾನಿಟರ್.

ಪೆಂಗ್ವಿನ್_ಪಕ್ಷ

ಐ5-4460 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿಕೊಳ್ಳಿ. 2018ರಿಂದ ಆಟ ಮಾರುವ ಸ್ಟೀಮ್‌ನಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಇರುವುದರಿಂದ ನೀವು ಹೇಳಿದ ಹಳೆಯ ಆಟಗಳೆಲ್ಲ ಅದರಲ್ಲಿ ಓಡುತ್ತವೆ.

ಹುಬ್ಬಳ್ಳಿ_ಹೆಡ್‌ಶಾಟ್

ವ್ಯಾಲೊರಂಟ್ ಓಡುವುದಿಲ್ಲ. ಆಟದಲ್ಲಿ ಮೋಸ ತಡೆಯುವ ಅದರ ಕಾವಲು ತಂತ್ರಾಂಶ ಲಿನಕ್ಸನ್ನು ಒಪ್ಪುವುದಿಲ್ಲ.

ಶರಾವತಿ_ತೀರ

ವ್ಯಾಲೊರಂಟ್ ನಾನು ಆಡುವುದಿಲ್ಲ. ಲಿನಕ್ಸನ್ನು ಇನ್ನೊಂದು ಡಿಸ್ಕಿನಲ್ಲಿ ಹಾಕಿ ನೋಡುತ್ತೇನೆ.

ಶರಾವತಿ_ತೀರ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ.

ಮೊದಲು 720ರ ಪರೀಕ್ಷೆ. ನಿಂತಲ್ಲಿ ಫ್ರೇಮ್ ಏರಿತು, ಆದರೆ ಕಾರು ಓಡಿಸುವಾಗ ಚಿತ್ರ ನಿಲ್ಲುವುದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಆಮೇಲೆ ಶಿವಮೊಗ್ಗದಲ್ಲಿ 8 ಜಿಬಿಯ ಹಳೆಯ ಕಡ್ಡಿಯೊಂದನ್ನು ಹುಡುಕಿ ತಂದು ಹಾಕಿದೆ. ಹಾಕುವ ಮೊದಲು ಸ್ಲಾಟ್‌ನಲ್ಲಿ ಹತ್ತು ವರ್ಷದಿಂದ ಕುಳಿತಿದ್ದ ಧೂಳನ್ನು ಬಣ್ಣ ಬಳಿಯುವ ಸಣ್ಣ ಕುಂಚದಿಂದ ತೆಗೆದೆ. ನಂತರ ವಿಂಡೋಸ್ ಡಿಸ್ಕಿನಲ್ಲಿದ್ದ ಫೋಟೋ, ವಿಡಿಯೊಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಕಳಿಸಿ, ಆಟವನ್ನು ಎಸ್‌ಎಸ್‌ಡಿಗೆ ಸ್ಥಳಾಂತರಿಸಿದೆ. ಅದೇ ಬೀದಿ, ಅದೇ ಕಾರು, ಅದೇ ತಿರುವು. ಚಿತ್ರ ನಿಲ್ಲಲಿಲ್ಲ. ಜನಜಂಗುಳಿ ಹೆಚ್ಚಿರುವ ಮಾರುಕಟ್ಟೆಯ ಬಳಿ ಈಗಲೂ 40ಕ್ಕೆ ಇಳಿಯುತ್ತದೆ, ಅದು ಪ್ರೊಸೆಸರಿನ ಮಿತಿ ಎಂದು ಅರ್ಥವಾಗಿದೆ. ಆದರೆ ಆ ಅರ್ಧ ಸೆಕೆಂಡಿನ ಕಾಟ ಹೋಯಿತು. ಕಾರ್ಡಿಗೆಂದು ತೆಗೆದಿಟ್ಟಿದ್ದ ಹಣ ಹಾಗೆಯೇ ಇದೆ.

ಕಡಲತಡಿಯವರ ಮಾತನ್ನೂ ಯೋಚಿಸಿದೆ. 1060ಕ್ಕೆ ಹೊಸ ಆಟಗಳ ಡ್ರೈವರ್ ಕೂಡ 2025ರ ಅಕ್ಟೋಬರಿಗೆ ನಿಂತಿದೆ, ಇನ್ನು ಬರುವುದು ಭದ್ರತೆಯ ತಿದ್ದುಪಡಿ ಮಾತ್ರ, ಅದೂ 2028ರ ಅಕ್ಟೋಬರಿನವರೆಗೆ. ಆದ್ದರಿಂದ ರ‍್ಯಾಮ್ ಬೆಲೆ ಇಳಿದ ಮೇಲೆ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ ಮೊದಲು, ಕಾರ್ಡ್ ಕೊನೆಗೆ ಎಂಬ ಕ್ರಮದಲ್ಲಿ ಬದಲಿಸುತ್ತೇನೆ. ರೈಜನ್ 5600 ತೆಗೆದುಕೊಳ್ಳಲೇ, 5600ಜಿ ತೆಗೆದುಕೊಳ್ಳಲೇ? ಅಂಗಡಿಯವರು ಎರಡೂ ಒಂದೇ ಎನ್ನುತ್ತಿದ್ದಾರೆ.

ಬಯಲುಸೀಮೆ_ಬಿಲ್ಡರ್

ಒಂದೇ ಅಲ್ಲ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇದೆ, ಜಿ ಇರುವುದರಲ್ಲಿ 16 ಮಾತ್ರ. ಆಟಗಳಿಗೆ ಆ ಕ್ಯಾಶ್ ಬಹಳ ಮುಖ್ಯ. ಜಿ ಪ್ರೊಸೆಸರಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೂಡ 3.0ಗೆ ನಿಲ್ಲುತ್ತದೆ. ಜಿ ಎಂದರೆ ಒಳಗೇ ಗ್ರಾಫಿಕ್ಸ್ ಇರುವುದು, ನಿಮ್ಮಲ್ಲಿ ಕಾರ್ಡ್ ಇರುವುದರಿಂದ ಜಿ ಇಲ್ಲದ್ದನ್ನೇ ಕೇಳಿ, ಜೊತೆಗೆ ಬಿ550 ಬೋರ್ಡ್ ತೆಗೆದುಕೊಳ್ಳಿ. ರ‍್ಯಾಮ್ ಈ ಸಲವಾದರೂ 8ರ ಎರಡು ಕಡ್ಡಿ ಇರಲಿ.

ಸೋಲ್ಡರ್_ಕಟ್ಟೆ

ಬೋರ್ಡ್ ನೀವೇ ಬದಲಿಸುವುದಾದರೆ ಒಂದು ಎಚ್ಚರಿಕೆ. ಕ್ಯಾಬಿನೆಟ್ಟಿನ ತಗಡಿಗೆ ತಿರುಗಿಸಿರುವ ಹಿತ್ತಾಳೆಯ ಸಣ್ಣ ಕಂಬಗಳನ್ನು ಹೊಸ ಬೋರ್ಡಿನ ತೂತುಗಳಿಗೆ ಹೊಂದಿಸಿ ಎಣಿಸಿ ನೋಡಿ. ಹಳೆಯ ಬೋರ್ಡಿಗೆ ಹಾಕಿದ ಒಂದು ಕಂಬ ಹೊಸ ಬೋರ್ಡಿನಲ್ಲಿ ತೂತೇ ಇಲ್ಲದ ಕಡೆ ಉಳಿದರೆ ಅದು ಹಿಂಭಾಗದ ಬೆಸುಗೆಗೆ ತಾಗುತ್ತದೆ, ಸ್ವಿಚ್ ಹಾಕಿದ ಕೂಡಲೇ ಬೋರ್ಡ್ ಹೋಗುತ್ತದೆ. ಬೇಡದ ಕಂಬವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ ತೆಗೆದು, ಆಮೇಲೆ ಬೋರ್ಡ್ ಇಳಿಸಿ.